ಮಂಗಳವ್ವನ ಪಾಲಿನ ಡಬ್ಬಿ

ದ್ರಾಕ್ಷಾಯಿಣಿ ಬಸ್ ಕಂಡಕ್ಟರ್ ಆಗಿ ಹನ್ನೆರಡು ವರ್ಷ ಕಳೆದಿತ್ತು. ರಾಣೆಬೆನ್ನೂರಿನಿಂದ ಹೊರಟು ಮೋಟೆಬೆನ್ನೂರು, ಅಲ್ಲಿ ಹೆದ್ದಾರಿ ಬಿಟ್ಟು ಒಳಗೆ ಹೊರಳಿ ಬ್ಯಾಡಗಿ, ಮತ್ತೆ ಹೆದ್ದಾರಿಗೆ ಬಂದು ಹಾವೇರಿ. ಹಾವೇರಿಯಿಂದ ಅದೇ ದಾರಿಯಲ್ಲಿ ವಾಪಸ್ಸು. ಏಳು ಗಂಟೆಯ ಬಸ್ಸಿಗೆ ಐದಕ್ಕೆ ಏಳುತ್ತಿದ್ದಳು. ಬೀಜದ ಅಂಗಡಿಯಲ್ಲಿ ಕೆಲಸಕ್ಕಿದ್ದ ಗಂಡ ಮನೋಹರನಿಗೂ ಕಾಲೇಜಿಗೆ ಹೋಗುವ ಮಗಳು ಸುಶ್ಮಿತಾಳಿಗೂ ಅವಲಕ್ಕಿಯನ್ನೋ ಉಪ್ಪಿಟ್ಟನ್ನೋ ಮಾಡಿ ಮುಚ್ಚಿಟ್ಟು, ತಾನು ನಿಂತಲ್ಲೇ ಒಂದು ಕಪ್ ಚಹಾ ಕುಡಿದು ಡಿಪೋದ ದಾರಿ ಹಿಡಿಯುತ್ತಿದ್ದಳು.

ಬಸ್ಸಿನಲ್ಲಿ ಅವಳು ತಿನ್ನುತ್ತಿರಲಿಲ್ಲ, ನೀರನ್ನೂ ಕುಡಿಯುತ್ತಿರಲಿಲ್ಲ. ಗಂಡಸರಿಗಾದರೆ ರಸ್ತೆಯ ಅಂಚು ಸಾಕು. ಹೆಣ್ಣು ಕಂಡಕ್ಟರ್ ಎರಡು ಗುಟುಕು ಹೆಚ್ಚಿಗೆ ಕುಡಿದಳೆಂದರೆ ಮುಂದಿನ ಊರು ಬಹಳ ದೂರವಾಗುತ್ತದೆ. ಹೀಗೆ ಒಣಗಿದ ಬಾಯಿ, ಖಾಲಿ ಹೊಟ್ಟೆಯಲ್ಲೇ ಮಧ್ಯಾಹ್ನ ದಾಟಿಸಿ, ನಾಲ್ಕರ ಸುಮಾರಿಗೆ ಮನೆಗೆ ಬಂದು ಚೀಲ ಇಳಿಸುವ ಹೊತ್ತಿಗೆ ಹಸಿವು ಹಸಿವಾಗಿ ಉಳಿದಿರುತ್ತಿರಲಿಲ್ಲ, ಸಿಟ್ಟಾಗಿರುತ್ತಿತ್ತು. ಅಡುಗೆಮನೆಯಲ್ಲಿ ನಿಂತೇ ಉಳಿದ ಅನ್ನ, ಅಂಗಡಿಯಿಂದ ತಂದ ರೊಟ್ಟಿ, ಅದರ ಮೇಲೆ ಡಬ್ಬಿಯಲ್ಲಿದ್ದ ಚೂಡಾ, ಶೇವು, ಕೈಗೆ ಸಿಕ್ಕದ್ದನ್ನೆಲ್ಲ ತಿನ್ನುತ್ತಿದ್ದಳು. ರಾತ್ರಿ ಮತ್ತೆ ಎಲ್ಲರೊಡನೆ ಊಟ. ಹೀಗೆ ಮೈ ಬೆಳೆಯಿತು. ಖಾಕಿ ಅಂಗಿಯ ಹೊಲಿಗೆಯನ್ನು ಎರಡು ಸಲ ಬಿಡಿಸಿಕೊಂಡಳು. ಮೂರನೆಯ ಸಲ ಬಿಡಿಸಲು ಅಂಗಿಯೊಳಗೆ ಬಟ್ಟೆಯೇ ಇರಲಿಲ್ಲ.

ಹೆಣ್ಣುಮಕ್ಕಳಿಗೆ ಬಸ್ಸು ಉಚಿತವಾದ ಮೇಲೆ ಮದುವೆಯ ದಿನಗಳಲ್ಲಿ ಕಾಲಿಡಲು ಜಾಗವಿರುತ್ತಿರಲಿಲ್ಲ. ಅಂಥ ಒಂದು ದಿನ ಗದ್ದಲದಲ್ಲಿ ನುಸುಳಿಕೊಂಡು ಹೋಗುತ್ತಿದ್ದಾಗ ರೇಷ್ಮೆ ಸೀರೆಯ ಒಬ್ಬ ಹೆಂಗಸು ಎಲ್ಲರಿಗೂ ಕೇಳುವಂತೆ ಹೇಳಿದಳು:

"ಅಕ್ಕಾರ, ನಮಗೆಲ್ಲಾರಿಗೂ ಫ್ರೀ ಖರೇ. ಆದ್ರ ನೀವ ಇಬ್ಬರ ಜಾಗಾ ಹಿಡದೀರಿ, ನಿಮಗೊಂದು ಟಿಕೀಟ ಹರಕೋರಿ."

ಬಸ್ಸಿಗೆ ಬಸ್ಸೇ ನಕ್ಕಿತು. ದ್ರಾಕ್ಷಾಯಿಣಿಯೂ ನಕ್ಕಳು. ನಗದೆ ಬೇರೆ ದಾರಿ ಇರಲಿಲ್ಲ. ಆದರೆ ಆ ದಿನ ಮನೆಗೆ ಬಂದವಳು ಏನನ್ನೂ ತಿನ್ನದೆ ಮಲಗಿದಳು.

ಅಲ್ಲಿಂದ ಶುರುವಾಯಿತು. ಫೋನಿನಲ್ಲಿ ಬಂದದ್ದನ್ನೆಲ್ಲ ಮಾಡಿ ನೋಡಿದಳು. ಬೆಳಿಗ್ಗೆದ್ದು ಜೀರಿಗೆ ನೀರು, ಮಲಗುವಾಗ ಚಕ್ಕೆಯ ಕಷಾಯ. ಕೆಲವು ವಾರ ಬರೀ ನವಣಕ್ಕಿ. ಆಮೇಲೆ ಯಾರೋ ಅನ್ನ, ರೊಟ್ಟಿ ಎರಡೂ ವಿಷ ಎಂದರು, ಎರಡನ್ನೂ ಬಿಟ್ಟಳು. ಪ್ರತಿ ಸಲವೂ ಮೈ ಸ್ವಲ್ಪ ಇಳಿಯುತ್ತಿತ್ತು, ಯಾವುದೋ ಒಂದು ಸಂಜೆ ತಾಳ್ಮೆ ತಪ್ಪುತ್ತಿತ್ತು, ಇಳಿದದ್ದು ಬಡ್ಡಿ ಸಮೇತ ಬಂದು ಕೂರುತ್ತಿತ್ತು. ಮನೋಹರ ಏನೂ ಅನ್ನುತ್ತಿರಲಿಲ್ಲ. ಅನ್ನುವ ಸ್ವಭಾವದವನೂ ಅಲ್ಲ. ತಟ್ಟೆಯಲ್ಲಿ ಏನಿದೆಯೆಂದು ಒಮ್ಮೆ ನೋಡಿ ಸುಮ್ಮನಾಗುತ್ತಿದ್ದ.

ಮನೋಹರನ ತಂಗಿ ಐಶ್ವರ್ಯ ಹಾವೇರಿಯಲ್ಲಿದ್ದಳು. ಅವಳು ತೂಕ ಇಳಿಸುವ ಒಂದು ಕ್ಲಬ್ಬು ಸೇರಿದ್ದಳು; ಬೆಳಿಗ್ಗೆ ಒಂದು ಲೋಟ, ರಾತ್ರಿ ಒಂದು ಲೋಟ ಪೌಡರ್ ಕಲಸಿ ಕುಡಿಯುವುದು, ಮಧ್ಯಾಹ್ನ ಸೌತೆಕಾಯಿ, ಒಂದು ಹಿಡಿ ಕಾಳು. ತಾನು ಕುಡಿಯುತ್ತಿದ್ದಳು, ನಾಲ್ಕು ಜನರಿಗೆ ಕುಡಿಸುತ್ತಲೂ ಇದ್ದಳು. ಒಂದು ಭಾನುವಾರ ಡಬ್ಬ ಹಿಡಿದುಕೊಂಡೇ ಅಣ್ಣನ ಮನೆಗೆ ಬಂದಳು.

"ಹೊಟ್ಟಿ ತುಂಬತೈತಿ ವೈನಿ, ಮೈಗೆ ಹತ್ತಂಗಿಲ್ಲ. ಮೂರ ತಿಂಗಳ ಕಳೀಲಿ, ನಿಮ್ಮ ಗುರ್ತ ಯಾರಿಗೂ ಹತ್ತಂಗಿಲ್ಲ" ಎಂದಳು.

ಅವಳು ಹೇಳಿದ್ದು ಸುಳ್ಳಾಗಲಿಲ್ಲ. ಮೂರು ತಿಂಗಳಲ್ಲಿ ದ್ರಾಕ್ಷಾಯಿಣಿಯ ಕೆನ್ನೆ ಒಳಹೋಯಿತು, ಅಂಗಿ ಸಡಿಲಾಯಿತು, ಬಳೆ ಮೊಣಕೈತನಕ ಜಾರತೊಡಗಿದವು. ಡಿಪೋದ ಹೆಂಗಸರು ಸುತ್ತುವರಿದು ಕೇಳಿದರು. ಐಶ್ವರ್ಯ ಅವಳ ಹಳೆಯ ಫೋಟೋ ಮತ್ತು ಹೊಸ ಫೋಟೋ ಜೋಡಿಸಿ ಊರಿಗೆಲ್ಲ ಕಳಿಸಿದಳು. ಹೊಗಳಿಕೆ ಕೇಳುವಾಗ ಹಸಿವು ಮರೆಯುತ್ತಿತ್ತು. ಆದರೆ ದಿನವಿಡೀ ಯಾರು ಹೊಗಳುತ್ತಾರೆ? ಬಾಚಣಿಗೆಯಲ್ಲಿ ಕೂದಲು ಕಂತೆಕಂತೆಯಾಗಿ ಬರುತ್ತಿತ್ತು. ಬೇಸಿಗೆಯಲ್ಲೂ ಬೆರಳ ತುದಿ ತಣ್ಣಗಿರುತ್ತಿತ್ತು. ಚಿಲ್ಲರೆ ಕೇಳಿದವರ ಮೇಲೆ ರೇಗುತ್ತಿದ್ದಳು. ಸುಶ್ಮಿತಾ ಏನಾದರೂ ಕೇಳಬೇಕಾದರೆ ತಾಯಿಯನ್ನು ಬಿಟ್ಟು ತಂದೆಯ ಹತ್ತಿರ ಹೋಗತೊಡಗಿದಳು.

ಬಸ್ಸಿನ ಡ್ರೈವರ್ ಇಸಾಕಸಾಬ ನಿವೃತ್ತಿಗೆ ಹತ್ತಿರದ ಮನುಷ್ಯ. ನಾಲ್ಕು ವರ್ಷದಿಂದ ಇಬ್ಬರಿಗೂ ಒಂದೇ ಬಸ್ಸು. ಅವನಿಗೆ ಸಕ್ಕರೆ ಕಾಯಿಲೆಯಿತ್ತು, ಹೆಂಡತಿ ಖತೀಜಾಬಿ ಕಟ್ಟಿಕೊಟ್ಟದ್ದನ್ನು ಒಮ್ಮೆ ತಿಂದರೆ ಒಮ್ಮೆ ಬಿಟ್ಟು ಮಿರ್ಚಿ-ಮಂಡಕ್ಕಿಗೆ ಹೋಗುತ್ತಿದ್ದ. ಇನ್ನೊಬ್ಬರಿಗೆ ಬುದ್ಧಿ ಹೇಳುವ ಪೈಕಿ ಅಲ್ಲ. ಆದರೂ ಒಂದು ದಿನ ಹಾವೇರಿ ನಿಲ್ದಾಣದಲ್ಲಿ ಅವಳು ಕಂಬ ಹಿಡಿದು ನಿಂತದ್ದನ್ನು ಕಂಡು, "ಡೀಸೆಲ್ ಹಾಕಲಾರದ ಗಾಡಿ ಓಡ್ಸು ಅಂದ್ರ ನಾ ಓಡ್ಸಂಗಿಲ್ಲ ಅಕ್ಕಾರ" ಎಂದ. ಅವಳು ತನ್ನ ಚಿಂತೆ ತನಗಿದೆ, ನೀವು ನಿಮ್ಮ ಸಕ್ಕರೆ ನೋಡಿಕೊಳ್ಳಿ ಎಂದು ಬಿರುಸಾಗಿ ಹೇಳಿದಳು. ಅವನು ಮತ್ತೆ ಆ ಮಾತು ತೆಗೆಯಲಿಲ್ಲ.

ಮಂಗಳವ್ವ ಮೋಟೆಬೆನ್ನೂರಿನವಳು. ಬ್ಯಾಡಗಿಯಲ್ಲಿ ಒಣಮೆಣಸಿನಕಾಯಿಯ ತೊಟ್ಟು ಬಿಡಿಸುವ ಕೆಲಸಕ್ಕೆ ದಿನಾ ಇದೇ ಬಸ್ಸಿಗೆ ಬರುವವಳು. ಅರವತ್ತು ದಾಟಿದ್ದರೂ ಬಾಗಿಲಲ್ಲಿ ಎಲ್ಲರನ್ನೂ ಸರಿಸಿ ಹತ್ತುವ ಗಟ್ಟಿ ಹೆಂಗಸು. ಇಳಿಯುವಾಗ ಮಾತ್ರ ಮಂಡಿನೋವಿನಿಂದ ಎಲ್ಲರಿಗಿಂತ ಹಿಂದೆ ಉಳಿಯುತ್ತಿದ್ದಳು. ಅದು ದ್ರಾಕ್ಷಾಯಿಣಿಗೆ ಗೊತ್ತಿತ್ತು. ವರ್ಷಗಟ್ಟಲೆ ಅವಳು ಇಳಿದದ್ದನ್ನು ನೋಡಿಯೇ ಸೀಟಿ ಊದಿದ್ದಳು.

ಆ ದಿನ ನೋಡಲಿಲ್ಲ. ಬೆಳಿಗ್ಗೆಯಿಂದ ಕಿವಿಯಲ್ಲಿ ಗುಂಯ್ ಎನ್ನುತ್ತಿತ್ತು. ಬ್ಯಾಡಗಿಯ ಮಾರುಕಟ್ಟೆಯ ಹತ್ತಿರ ಬಸ್ಸು ನಿಂತಿತು, ಹೆಂಗಸರು ಇಳಿದರು, ಬಾಗಿಲ ಬಳಿ ಬರಿದಾದ ಹಾಗೆ ಅವಳಿಗೆ ಕಂಡಿತು. ಸೀಟಿ ಊದಿದಳು. ಬಸ್ಸು ಒಂದು ಮಾರು ಮುಂದೆ ಹೋಗುವಷ್ಟರಲ್ಲಿ ಹೊರಗಿನಿಂದ ಕೂಗು ಕೇಳಿ ಇಸಾಕಸಾಬ ಬ್ರೇಕು ಒತ್ತಿದ. ಕೆಳಗಿನ ಮೆಟ್ಟಿಲ ಮೇಲೆ ಒಂದು ಕಾಲು, ನೆಲದ ಮೇಲೆ ಒಂದು ಕಾಲು ಇಟ್ಟಿದ್ದ ಮಂಗಳವ್ವ ಬಲಗೈ ಊರಿಕೊಂಡು ರಸ್ತೆಗೆ ಬಿದ್ದಿದ್ದಳು. ಬುತ್ತಿಯ ಗಂಟು ಬಿಚ್ಚಿ ರೊಟ್ಟಿ ಧೂಳಿನಲ್ಲಿ ಹರಡಿತ್ತು.

ಸರಕಾರಿ ಆಸ್ಪತ್ರೆಗೆ ದ್ರಾಕ್ಷಾಯಿಣಿಯೇ ಕರೆದುಕೊಂಡು ಹೋದಳು. ಮಣಿಕಟ್ಟಿನ ಮೂಳೆ ಬಿರುಕು ಬಿಟ್ಟಿತ್ತು. ಪಟ್ಟಿ ಹಾಕುವಾಗ ಮಂಗಳವ್ವ ಹಲ್ಲು ಕಚ್ಚಿ ಸುಮ್ಮನಿದ್ದಳು, ಪಕ್ಕದಲ್ಲಿ ನಿಂತಿದ್ದ ದ್ರಾಕ್ಷಾಯಿಣಿಯೇ ಗೋಡೆ ಹಿಡಿದು ಕುಸಿದಳು. ನರ್ಸು ಓಡಿಬಂದು ಮಲಗಿಸಿದಳು. ವೈದ್ಯೆ ರಕ್ತದೊತ್ತಡ ನೋಡಿದರು, ಕಣ್ಣಿನ ರೆಪ್ಪೆ ಎಳೆದು ನೋಡಿದರು. ಬೆಳಗಿನಿಂದ ರೋಗಿಗಳನ್ನು ನೋಡಿ ಅವರ ದನಿಯೂ ಬಳಲಿತ್ತು.

"ಇವತ್ತ ಏನ ತಿಂದೀರಿ?"

"ಪೌಡರ್ ಕುಡದೇನ್ರಿ."

"ಅದನ್ನ ಕೇಳಲಿಲ್ಲ. ಏನ ತಿಂದೀರಿ?"

ಮೈಯಲ್ಲಿ ರಕ್ತ ಕಡಿಮೆಯಾಗಿದೆ, ಕೊಬ್ಬಿನ ಜೊತೆಗೆ ಶಕ್ತಿಯೂ ಕರಗಿದೆ ಎಂದು ವೈದ್ಯೆ ಹೇಳಿದರು. ವರ್ಷಗಟ್ಟಲೆ ಹೊತ್ತುಗೊತ್ತಿಲ್ಲದೆ ತಿಂದು ಬಂದ ತೂಕ ಮೂರು ತಿಂಗಳಲ್ಲಿ ಹೋಗಲಿ ಎಂದರೆ ಹೇಗೆ ಎಂದು ಕೇಳಿದರು. ಬೆಳಿಗ್ಗೆ ಏನಾದರೂ ತಿಂದೇ ಹೊರಡಬೇಕು, ನೀರು ಕುಡಿಯಬೇಕು, ರೊಟ್ಟಿ-ಅನ್ನ ಅಳತೆಯಲ್ಲಿರಲಿ, ಕಾಳು, ಸೊಪ್ಪು-ತಪ್ಪಲು ಪಲ್ಯ, ಮೊಸರು ಹೆಚ್ಚಿರಲಿ, ರಾತ್ರಿ ಊಟ ಹಗುರವಾಗಲಿ, ತಿಂಗಳಿಗೆ ಒಂದು ಕಿಲೋ ಇಳಿದರೂ ಸಾಕು ಎಂದರು. ಅವಳಿಗೆ ಗೊತ್ತಿಲ್ಲದ್ದು ಅದರಲ್ಲಿ ಏನೂ ಇರಲಿಲ್ಲ. ಕಬ್ಬಿಣದ ಮಾತ್ರೆ ಬರೆದುಕೊಟ್ಟು ಮುಂದಿನವರನ್ನು ಕರೆದರು.

ಮಂಗಳವ್ವನ ಮಗ ಉಡಚಪ್ಪ ಬಂದ. ತಾಯಿ ತಾನೇ ಜಾರಿದಳೋ, ಬಸ್ಸಿನವರು ಬೀಳಿಸಿದರೋ ಎಂದು ಜೋರು ಮಾಡಿದ. ಪ್ರಯಾಣಿಕರನ್ನು ಬೇರೆ ಬಸ್ಸಿಗೆ ಹತ್ತಿಸಿ ಬಂದಿದ್ದ ಇಸಾಕಸಾಬ ಏನೋ ಸಮಾಧಾನ ಹೇಳಹೊರಟಿದ್ದ. ದ್ರಾಕ್ಷಾಯಿಣಿ ಮಂಚದ ಮೇಲೆ ಎದ್ದು ಕೂತಳು.

"ನಾನ ನೋಡಲಾರದ ಸೀಟಿ ಊದೇನ್ರಿ. ತಪ್ಪ ನಂದ."

ಆ ಮಾತಿನ ಮುಂದೆ ಉಡಚಪ್ಪನಿಗೆ ಜೋರು ಮಾಡಲು ಏನೂ ಉಳಿಯಲಿಲ್ಲ. ಡಿಪೋದಲ್ಲಿಯೂ ಅವಳು ಅದನ್ನೇ ಹೇಳಿದಳು. ವಿಚಾರಣೆಯಾಯಿತು, ಹಿಂದೆ ಇಂಥದ್ದೇನೂ ಇಲ್ಲವೆಂದು ಎಚ್ಚರಿಕೆ ಕೊಟ್ಟು ಬಿಟ್ಟರು. ಮನೆಯಲ್ಲಿ ಹೇಳಿದಾಗ ಮನೋಹರ, ಐಶ್ವರ್ಯ ಡಬ್ಬ ತಂದ ದಿನವೇ ತಾನು ಬೇಡ ಅನ್ನಬೇಕಿತ್ತು, ತಂಗಿಯ ಮನಸ್ಸು ನೋಯುತ್ತದೆಂದು ಅನ್ನಲಿಲ್ಲ ಎಂದ. ಡಬ್ಬದಲ್ಲಿ ಇನ್ನೂ ಅರ್ಧ ಪೌಡರ್ ಉಳಿದಿತ್ತು. ಅದನ್ನು ಬಿಸಾಡಲೂ ಅವಳಿಗೆ ಅಂದು ತ್ರಾಣವಿರಲಿಲ್ಲ. ಮೇಲಿನ ಹಲಗೆಗೆ ಸರಿಸಿಟ್ಟು ಮಲಗಿದಳು.

ವಾರದ ರಜೆಯ ದಿನ ಮೋಟೆಬೆನ್ನೂರಿಗೆ ಹೋದಳು. ಒಂದು ಡಜನ್ ಬಾಳೆಹಣ್ಣು ಕೈಯಲ್ಲಿತ್ತು, ಏನು ಮಾತಾಡಬೇಕೆಂಬುದು ಮಾತ್ರ ಬಾಯಲ್ಲಿರಲಿಲ್ಲ. ಕಟ್ಟೆಯ ಮೇಲೆ ಕುಳಿತಿದ್ದ ಮಂಗಳವ್ವ ಅವಳನ್ನು ಮೇಲಿನಿಂದ ಕೆಳಗೆ ನೋಡಿದಳು.

"ಕೈ ನೋಡಾಕ ಬಂದೀಯೋ, ಮಾರಿ ತೋರಸಾಕ ಬಂದೀಯೋ?"

"ಎರಡಕ್ಕೂ ಬಂದೇನಿ ಆಯಿ."

ಮಂಗಳವ್ವ ಕ್ಷಮಿಸಿದೆ ಅನ್ನಲಿಲ್ಲ, ಬಯ್ಯಲೂ ಇಲ್ಲ. ತನ್ನ ಕಷ್ಟ ತೋಡಿಕೊಳ್ಳತೊಡಗಿದಳು. ಸೊಸೆ ಬಾಣಂತನಕ್ಕೆ ತವರಿಗೆ ಹೋಗಿದ್ದಳು. ಉಡಚಪ್ಪ ಹೋಟೆಲಿನಿಂದ ಕಟ್ಟಿಸಿಕೊಂಡು ಬರುತ್ತಿದ್ದ. ಬಲಗೈಗೆ ಪಟ್ಟಿ ಇರುವಾಗ ಎಡಗೈಯಲ್ಲಿ ತಿನ್ನಬೇಕು, ಅದೂ ಹೋಟೆಲಿನ ಮೆತ್ತಗಿನ ಇಡ್ಲಿ. ನಾಲಿಗೆಯೇ ಸತ್ತುಹೋಗಿದೆ ಎಂದಳು. ಕೊನೆಗೆ ಕೇಳಿದಳು, "ರೊಟ್ಟಿ ಬಡ್ಯಾಕರೆ ಬರತೈತೇನ ನಿನಗ?"

ದ್ರಾಕ್ಷಾಯಿಣಿ ಒಳಗೆ ಹೋಗಿ ಒಲೆ ಹಚ್ಚಿದಳು. ಎಷ್ಟೋ ತಿಂಗಳ ಮೇಲೆ ಜೋಳದ ಹಿಟ್ಟಿಗೆ ಕೈ ಹಾಕಿದ್ದಳು. ಮೊದಲ ರೊಟ್ಟಿ ಅಂಚಿನಲ್ಲಿ ಹರಿಯಿತು, ಎರಡನೆಯದು ಉಬ್ಬಲಿಲ್ಲ, ಮೂರನೆಯದು ಪರವಾಗಿಲ್ಲ ಅನ್ನುವ ಹಾಗೆ ಬಂತು. ಮನೆಯಲ್ಲಿದ್ದ ಮಡಕೆಕಾಳನ್ನೇ ಬೇಯಿಸಿ ಪಲ್ಯ ಮಾಡಿದಳು. ಗಂಗಾಳಕ್ಕೆ ಹಾಕಿ ಮಂಗಳವ್ವನ ಮುಂದೆ ಇಟ್ಟು ತಾನು ಕಂಬಕ್ಕೆ ಒರಗಿ ನಿಂತಳು.

"ನಿನ್ನ ಗಂಗಾಳ ಎಲ್ಲಿ?"

"ನನಗ ಬ್ಯಾಡ ಆಯಿ. ಆಮ್ಯಾಲ ನೋಡೋಣಂತ."

"ಹಂಗಾರ ನನಗೂ ಬ್ಯಾಡ. ಮಾಡಿದಾಕಿನ್ನ ನಿಂದ್ರಿಸಿ ನಾ ಒಬ್ಬಾಕಿ ಉಣ್ಣೂ ಹಾಂಗಿಲ್ಲ."

ಮಂಗಳವ್ವ ಗಂಗಾಳ ಆಚೆ ಸರಿಸಿಯೇ ಬಿಟ್ಟಳು. ಬೇರೆ ಉಪಾಯವಿಲ್ಲದೆ ದ್ರಾಕ್ಷಾಯಿಣಿ ಎದುರಿಗೆ ಕುಳಿತಳು. ಮಂಗಳವ್ವ ಎಡಗೈಯಲ್ಲಿ ಮುರಿಯಲಾರದೆ ಒದ್ದಾಡುವುದನ್ನು ಕಂಡು ಇವಳೇ ಮುರಿದು ಕೊಡುತ್ತ ಹೋದಳು. ಅವಳಿಗೊಂದು ತುಣುಕು, ತನಗೊಂದು ತುಣುಕು. ಅವಸರ ಮಾಡುವ ಹಾಗಿರಲಿಲ್ಲ. ಒಂದೂವರೆ ರೊಟ್ಟಿಗೆ ಹೊಟ್ಟೆ ಸಾಕೆಂದಿತು. ಸಾಕೆಂದು ಹೊಟ್ಟೆ ಹೇಳುವುದನ್ನು ಅವಳು ಕೇಳಿ ವರ್ಷಗಳಾಗಿದ್ದವು. ನಿಂತು ತಿನ್ನುವಾಗ ಅದು ಹೇಳುವ ಮೊದಲೇ ಡಬ್ಬಿ ಬರಿದಾಗಿರುತ್ತಿತ್ತು.

ಊಟವಾದ ಮೇಲೆ ಮಂಗಳವ್ವ, ಪಲ್ಯಕ್ಕೆ ಉಪ್ಪು ಕಡಿಮೆ, ರೊಟ್ಟಿ ದಪ್ಪ ಎಂದಳು. ಕೈ ಕೂಡುವತನಕ ದಿನಾ ಬುತ್ತಿ ಕಳಿಸುತ್ತೇನೆಂದು ದ್ರಾಕ್ಷಾಯಿಣಿ ಮಾತು ಕೊಟ್ಟು ಎದ್ದಳು.

ಮಾತು ಕೊಡುವುದು ಸುಲಭ. ಮರುದಿನ ನಸುಕಿನಲ್ಲಿ ಎದ್ದು ಹಿಟ್ಟು ಕಲಸುವಾಗ ಕಣ್ಣು ತೆರೆಯದಷ್ಟು ನಿದ್ದೆ. ಹಿಂದಿನ ಸಂಜೆ ಕಾಳು ನೆನೆಹಾಕಲು ಮರೆತಿದ್ದರೆ ಪಲ್ಯಕ್ಕೆ ಪರದಾಟ. ಮಾಡುತ್ತ ಮಾಡುತ್ತ ಒಂದು ಕ್ರಮ ಬಂತು. ರಾತ್ರಿಯೇ ಕಾಳು ನೆನೆಯುತ್ತಿತ್ತು, ಸುಶ್ಮಿತಾ ಟಿ.ವಿ. ನೋಡುತ್ತ ಮೆಂತ್ಯವನ್ನೋ ಹತ್ತರಕಿ ಸೊಪ್ಪನ್ನೋ ಸೋಸಿಕೊಡುತ್ತಿದ್ದಳು, ಅಂಗಡಿಯ ರೊಟ್ಟಿ ತರುವುದು ನಿಂತಿತು. ಏಳೂಮುಕ್ಕಾಲರ ಸುಮಾರಿಗೆ ಬಸ್ಸು ಮೋಟೆಬೆನ್ನೂರಿಗೆ ಬಂದಾಗ ಉಡಚಪ್ಪ ನಿಂತಿರುತ್ತಿದ್ದ. ನಿನ್ನೆಯ ಖಾಲಿ ಡಬ್ಬಿ ಕೊಟ್ಟು ಇವತ್ತಿನದನ್ನು ಇಸಿದುಕೊಳ್ಳುತ್ತಿದ್ದ. ಜೊತೆಗೆ ತಾಯಿಯ ದೂರನ್ನೂ ತಂದಿರುತ್ತಿದ್ದ: ನಿನ್ನೆ ಬದನೆಕಾಯಿ ಬೆಂದಿರಲಿಲ್ಲ, ಶೇಂಗಾ ಚಟ್ನಿಗೆ ಬೆಳ್ಳುಳ್ಳಿ ಸಾಲದು.

ಒಂದು ಡಬ್ಬಿ ಕಟ್ಟುವವಳು ಎರಡು ಕಟ್ಟುವುದು ದೊಡ್ಡ ಮಾತಾಗಿರಲಿಲ್ಲ. ತನಗೂ ಒಂದನ್ನು ಕಟ್ಟಿಕೊಂಡಳು. ಹಾವೇರಿಯಲ್ಲಿ ಬಸ್ಸು ನಿಲ್ಲುವ ಹೊತ್ತಿನಲ್ಲಿ ಮಹಿಳಾ ಸಿಬ್ಬಂದಿಯ ಕೋಣೆಗೆ ಹೋಗಿ ಕುಳಿತು ತಿನ್ನತೊಡಗಿದಳು. ಮೊದಲಾದರೆ ಆ ಹೊತ್ತನ್ನು ಫೋನು ನೋಡಿ ಕಳೆಯುತ್ತಿದ್ದಳು. ಅಲ್ಲಿ ಶೌಚಾಲಯವೂ ಇದ್ದದ್ದರಿಂದ ಹಾವೇರಿ ತಲುಪುವ ಮೊದಲು ನೀರು ಕುಡಿಯುವ ಧೈರ್ಯ ಮಾಡಿದಳು. ಮನೆಯಿಂದ ಹೊರಡುವಾಗ ಚಹಾದ ಜೊತೆ ಒಂದು ಹಿಡಿ ಹುರಿದ ಶೇಂಗಾ, ಒಂದು ಬಾಳೆಹಣ್ಣು. ಸಂಜೆ ಮನೆಗೆ ಬಂದಾಗ ಚೂಡಾದ ಡಬ್ಬಿಯ ಕಡೆ ಕೈ ಹೋಗುವುದು ಒಂದೇ ಸಲಕ್ಕೆ ನಿಲ್ಲಲಿಲ್ಲ. ಕೆಲವು ದಿನ ಹೋಗುತ್ತಿತ್ತು, ಕೆಲವು ದಿನ ಹೋಗುತ್ತಿರಲಿಲ್ಲ.

ತೂಕ ಏರಿತು. ಪೌಡರ್ ಬಿಟ್ಟ ಮೇಲೆ ಏರುತ್ತದೆಂದು ಅವಳಿಗೆ ಗೊತ್ತೇ ಇತ್ತು, ಆದರೂ ಅಂಗಿ ಮತ್ತೆ ಬಿಗಿಯಾದಾಗ ಹೆದರಿದಳು. ಹೊಗಳಿದ್ದ ಡಿಪೋದ ಹೆಂಗಸರು ಈಗ ಏನೂ ಅನ್ನಲಿಲ್ಲ, ಬರೀ ನೋಡಿದರು. ಒಂದು ಸಂಜೆ ಸ್ಟೂಲು ಹತ್ತಿ ಮೇಲಿನ ಹಲಗೆಯ ಡಬ್ಬ ಕೆಳಗಿಳಿಸಿದಳು. ಮುಚ್ಚಳ ತೆಗೆದು ವಾಸನೆ ನೋಡಿದಳು. ನಾಳೆಯಿಂದ ರಾತ್ರಿ ಒಂದು ಲೋಟ ಕುಡಿದರೆ ಏನಾದೀತು ಅನ್ನಿಸಿತು. ನಾಳೆ ಎಂದೊಡನೆ, ಬುತ್ತಿಗೆ ಹೆಸರುಕಾಳು ತೆಗೆದಿಟ್ಟಿಲ್ಲವೆಂಬುದು ನೆನಪಾಯಿತು. ಎದ್ದು ಕಾಳು ನೆನೆಹಾಕಿದಳು. ಪೌಡರನ್ನು ಮೋರಿಗೆ ಸುರಿದು ನೀರು ಬಿಟ್ಟಳು.

ಆ ತಿಂಗಳ ಕೊನೆಗೆ ಐಶ್ವರ್ಯ ಬಂದಳು. ಹೊಸ ಡಬ್ಬ ತಂದಿದ್ದಳು, ಇದು ಬೇರೆ ತರಹದ್ದು, ಸುಸ್ತು ಬರುವುದಿಲ್ಲ ಎಂದಳು. ದ್ರಾಕ್ಷಾಯಿಣಿ ಬೇಡವೆಂದಳು. ಫೋಟೋ ನೋಡಿ ಎಷ್ಟು ಜನ ಸೇರಿದ್ದಾರೆ, ಈಗ ನೀವೇ ಬಿಟ್ಟರೆ ಅವರಿಗೆ ಏನು ಹೇಳಲಿ ಎಂದು ಐಶ್ವರ್ಯ ಬೇಡಿಕೊಂಡಳು. ಆ ಫೋಟೋ ತೆಗೆದುಬಿಡು, ಮಂಗಳವ್ವನನ್ನು ಬೀಳಿಸಿದ ಕಥೆಯನ್ನೂ ಅವರಿಗೆ ಹೇಳು ಎಂದಳು ದ್ರಾಕ್ಷಾಯಿಣಿ. ಹೇಳುವಾಗ ನಾದಿನಿಯ ಮುಖ ನೋಡಿದಳು. ಕಣ್ಣ ಕೆಳಗೆ ಕಪ್ಪು, ತುಟಿಯ ಮೂಲೆ ಒಡೆದಿತ್ತು. ಕನ್ನಡಿಯಲ್ಲಿ ಕೆಲವು ತಿಂಗಳ ಹಿಂದೆ ತಾನು ಕಂಡ ಮುಖವೇ.

"ಐಶು, ಉಂಡ ಹೋಗ. ಬಿಸಿ ರೊಟ್ಟಿ ಅದಾವ."

"ನಾ ರಾತ್ರಿ ಉಣ್ಣಂಗಿಲ್ಲ ವೈನಿ."

"ಗೊತ್ತೈತಿ. ಅದಕ್ಕ ಹೇಳಾಕತ್ತೇನಿ."

ಐಶ್ವರ್ಯ ಕೂರಲಿಲ್ಲ. ಬಸ್ಸಿಗೆ ಹೊತ್ತಾಯಿತೆಂದು ಡಬ್ಬವನ್ನು ಚೀಲಕ್ಕೆ ಹಾಕಿಕೊಂಡು ಹೊರಟಳು. ಮನೋಹರ ತಂಗಿಯನ್ನು ನಿಲ್ದಾಣದತನಕ ಬಿಟ್ಟು ಬಂದ. ಫೋಟೋ ಮಾತ್ರ ಕೆಲವು ದಿನದ ಮೇಲೆ ಕಾಣದಾಯಿತು. ಅವಳೇ ತೆಗೆದಳೋ, ಬೇರೆ ಯಾರದೋ ಫೋಟೋ ಬಂದದ್ದಕ್ಕೆ ಇದು ಹೋಯಿತೋ ದ್ರಾಕ್ಷಾಯಿಣಿ ಕೇಳಲಿಲ್ಲ.

ಮಂಗಳವ್ವನ ಪಟ್ಟಿ ಬಿಚ್ಚಿದರು. ಸೊಸೆ ಕೂಸಿನೊಡನೆ ವಾಪಸ್ಸು ಬಂದಳು. ಒಂದು ಬೆಳಿಗ್ಗೆ ಮಂಗಳವ್ವ ತಾನೇ ನಿಲ್ದಾಣದಲ್ಲಿ ನಿಂತಿದ್ದಳು, ಕೆಲಸಕ್ಕೆ ಹೊರಟಿದ್ದಳು. ಡಬ್ಬಿ ಕೈಗೆ ಕೊಟ್ಟು, "ಇನ್ನ ಸಾಕ ಯವ್ವಾ. ನಿನ್ನ ರೊಟ್ಟಿ ತೆಳ್ಳಗ ಆಗೂದರಾಗ ನನ್ನ ಕೈ ಕೂಡಿತು" ಎಂದಳು. ಬ್ಯಾಡಗಿಯಲ್ಲಿ ಇಳಿಯುವಾಗ ದ್ರಾಕ್ಷಾಯಿಣಿ ಬಾಗಿಲಿಗೆ ಬಂದು ಅವಳ ತೋಳು ಹಿಡಿದುಕೊಂಡಳು. ಮಳೆಯ ತಂಪಿಗೆ ಮಣಿಕಟ್ಟು ನೋಯುತ್ತದೆ ಎಂದು ಮಂಗಳವ್ವ ಇಳಿಯುತ್ತಲೇ ಹೇಳಿದಳು. ಅದು ದೂರೋ ಸುದ್ದಿಯೋ ತಿಳಿಯಲಿಲ್ಲ. ಆ ನೋವು ತನ್ನ ಲೆಕ್ಕಕ್ಕೇ ಎಂಬುದು ದ್ರಾಕ್ಷಾಯಿಣಿಗೆ ತಿಳಿದಿತ್ತು.

ಬುತ್ತಿ ಕಟ್ಟುವುದು ಮಾತ್ರ ನಿಲ್ಲಲಿಲ್ಲ. ಮನೋಹರನೂ ಡಬ್ಬಿ ಒಯ್ಯತೊಡಗಿದ. ಅವಳ ತೂಕ ಏರುವಷ್ಟು ಏರಿ ಒಂದು ಕಡೆ ನಿಂತಿತು, ಮಳೆಗಾಲ ಮುಗಿಯುವ ಹೊತ್ತಿಗೆ ಅಷ್ಟಿಷ್ಟು ಇಳಿಯಿತು. ಯಾರೂ ಗಮನಿಸುವಷ್ಟಲ್ಲ. ಹೊಸ ಅಂಗಿ ಹೊಲಿಸಿಕೊಂಡಳು, ತನ್ನ ಈಗಿನ ಅಳತೆಗೆ. ಬಸ್ಸು ಅದೇ, ಗದ್ದಲ ಅದೇ, ಸಂಜೆಗೆ ಕಾಲು ಊದಿಕೊಳ್ಳುವುದೂ ಅದೇ. ಆದರೆ ಕಿವಿಯಲ್ಲಿ ಗುಂಯ್ ಎನ್ನುವುದು ನಿಂತಿತ್ತು.

ಒಂದು ರಜೆಯ ದಿನ ಅವಳು ತಡವಾಗಿ ಎದ್ದಳು. ಮನೆಯಲ್ಲಿ ಯಾರೂ ಇರಲಿಲ್ಲ. ಒಂಬತ್ತಾಗಿತ್ತು, ಹಾವೇರಿಯಲ್ಲಿ ಡಬ್ಬಿ ಬಿಚ್ಚುವ ಹೊತ್ತು. ಹಸಿವು ಆ ಹೊತ್ತಿಗೇ ಸರಿಯಾಗಿ ಬಂದಿತ್ತು. ಅದರ ಮೇಲೆ ಅವಳಿಗೆ ಸಿಟ್ಟು ಬರಲಿಲ್ಲ, ಭಯವೂ ಆಗಲಿಲ್ಲ. ಮನೋಹರ ಮುಚ್ಚಿಟ್ಟು ಹೋಗಿದ್ದ ರೊಟ್ಟಿ, ಪುಂಡಿಪಲ್ಯ ಹಾಕಿಕೊಂಡು, ಮೊಸರು ಸುರಿದುಕೊಂಡು, ಕಿಟಕಿಯ ಬಳಿ ನೆಲಕ್ಕೆ ಕುಳಿತು ನಿಧಾನಕ್ಕೆ ಉಂಡಳು. ತಟ್ಟೆ ತೊಳೆದಿಟ್ಟಳು. ಮೈಯಲ್ಲಿ ವಾರದ ದಣಿವು ಇನ್ನೂ ಹಾಗೇ ಇತ್ತು. ಚಾಪೆ ಬಿಡಿಸಿ ಮತ್ತೆ ಮಲಗಿದಳು.